ಪಾಡ್‌ಕಾಸ್ಟ್ ಸಾವಿರ ಇವೆ, ಕೇಳುವಂಥದ್ದು ಯಾವುದು?

ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆ ಹೋಗುವ ಬಸ್ಸು ಗಾಜನೂರು ದಾಟಿದ ಮೇಲೆ ಸಕ್ಕರೆಬೈಲು ಬರುತ್ತದೆ. ಆನೆ ಬಿಡಾರದ ಬೋರ್ಡು ಕಂಡಿತು ಅಂದರೆ ನನ್ನ ಮೊಬೈಲಿನ ಸಿಗ್ನಲ್ ಕಡ್ಡಿಗಳು ಒಂದೊಂದೇ ಮಾಯವಾಗಲು ಶುರು. ಮೊದಮೊದಲು ಇದು ನನ್ನ ಗಮನಕ್ಕೆ ಬಂದಿರಲಿಲ್ಲ. ಒಂದು ದಿನ ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿ ಪಕ್ಕ ಕೂತಿದ್ದೆ. ಒಂದು ಪಾಡ್‌ಕಾಸ್ಟ್‌ನಲ್ಲಿ, ಅಂದರೆ ನೆಟ್ಟಿನಿಂದ ಫೋನಿಗೆ ಬರುವ ಆಡಿಯೊ ಕಾರ್ಯಕ್ರಮದಲ್ಲಿ, ಪೆರು ದೇಶದ ಹಳ್ಳಿ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದ ಕಥೆ ಬರುತ್ತಿತ್ತು. ಕೊನೆಗೆ ಆ ಮಕ್ಕಳ ಗಣಿತ ಸುಧಾರಿಸಿತಾ ಅನ್ನುವ ಜಾಗಕ್ಕೆ ಸರಿಯಾಗಿ ದನಿ ನಿಂತುಹೋಯಿತು. ಪರದೆ ಮೇಲೆ ಒಂದು ಉಂಗುರ ಗಿರಗಿರ ತಿರುಗುತ್ತಿತ್ತು. ಮಂಡಗದ್ದೆಯಲ್ಲಿ ಇಳಿಯುವವರೆಗೂ ತಿರುಗಿತು.

ಪೆರುವಿನಲ್ಲಿ ಏನಾಯಿತು ಅಂತ ಮುಂದೆ ಹೇಳುತ್ತೇನೆ. ಮೊದಲು ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂತ ಹೇಳಿಬಿಡುತ್ತೇನೆ.

ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ದಿನಾ ಹೋಗಿ ಬರುವ ಬಸ್ಸಿನಲ್ಲಿ ಸುಮಾರು ಎರಡು ತಾಸು ಕಳೆಯುತ್ತದೆ. ಆ ಹೊತ್ತಿನಲ್ಲಿ ಶಿಕ್ಷಣ, ತಂತ್ರಜ್ಞಾನದ ಬಗ್ಗೆ ಏನಾದರೂ ಕೇಳುವುದು ರೂಢಿ. ಮೊನ್ನೆ ಸಮಾಲೋಚನಾ ಸಭೆಯಲ್ಲಿ ಪಕ್ಕದ ಶಾಲೆಯ ವಿಜ್ಞಾನ ಮೇಡಂ ಕೇಳಿದರು: "ಸರ್, ನೀವು ಏನೇನೋ ಕೇಳ್ತಿರ್ತೀರಲ್ಲ, ನಾನೂ 'ಎಜುಕೇಶನ್' ಅಂತ ಹುಡುಕಿದೆ. ಬರೀ ಬೆಳಿಗ್ಗೆ ನಾಲ್ಕಕ್ಕೆ ಏಳಿ, ಜೀವನ ಬದಲಾಗುತ್ತೆ ಅನ್ನೋವೇ ಬಂದ್ವು. ನಿಮಗೆ ಮಾತ್ರ ಒಳ್ಳೇದು ಎಲ್ಲಿ ಸಿಗುತ್ತೆ?" ಚಹಾ ಲೋಟ ಖಾಲಿಯಾಗುವಷ್ಟರಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. "ಬರೆದು ಕೊಡ್ತೀನಿ ಮೇಡಂ" ಅಂದಿದ್ದೆ.

ಬೋರ್ಡಿಗೆ ಹಾಕಿದ ಪಟ್ಟಿ

ಈಗ ಇಬ್ಬರು ಎದುರುಬದುರು ಕೂತು ಮೈಕ್ ಮುಂದೆ ಮಾತಾಡಿದರೆ ಆ ಯೂಟ್ಯೂಬ್ ವಿಡಿಯೊಗೂ ಪಾಡ್‌ಕಾಸ್ಟ್ ಅಂತಲೇ ಹೆಸರು. ಇರಲಿ, ಜಗಳ ಬೇಡ. ಆದರೆ ಮೂಲದಲ್ಲಿ ಪಾಡ್‌ಕಾಸ್ಟ್ ಅಂದರೆ ವಿಡಿಯೊ ಅಲ್ಲ, ಆ್ಯಪೂ ಅಲ್ಲ. ಅದೊಂದು ಫೀಡ್. ಆರ್‌ಎಸ್‌ಎಸ್ ಅನ್ನುವ ಸಣ್ಣ ಫೈಲು.

ಬಸ್ ಸ್ಟ್ಯಾಂಡಿನಲ್ಲಿ ವೇಳಾಪಟ್ಟಿಯ ಬೋರ್ಡ್ ಇರುತ್ತದಲ್ಲ, ಹಾಗೆ ಅಂದುಕೊಳ್ಳಿ. ಕಾರ್ಯಕ್ರಮ ಮಾಡುವವರು ತಮ್ಮ ಜಾಗದಲ್ಲಿ ಒಂದು ಬೋರ್ಡ್ ತೂಗುಹಾಕುತ್ತಾರೆ. ಹೊಸ ಸಂಚಿಕೆ ಬಂದಾಗಲೆಲ್ಲ ಅದರ ಮೇಲೆ ಒಂದು ಸಾಲು ಸೇರಿಸುತ್ತಾರೆ. ಸಂಚಿಕೆಯ ಹೆಸರು, ದಿನಾಂಕ, ನಾಲ್ಕು ಮಾತಿನ ವಿವರ, ಮತ್ತು ಎನ್‌ಕ್ಲೋಷರ್ ಅನ್ನುವ ಒಂದು ತುಣುಕು. ಆಡಿಯೊ ಫೈಲು ಎಲ್ಲಿದೆ, ಎಷ್ಟು ದೊಡ್ಡದು ಅನ್ನುವುದು ಆ ತುಣುಕಿನಲ್ಲಿ ಇರುತ್ತದೆ. ನಿಮ್ಮ ಫೋನಿನ ಆ್ಯಪ್ ದಿನಕ್ಕೆ ಕೆಲವು ಸಲ ಹೋಗಿ ಬೋರ್ಡ್ ನೋಡಿ ಬರುತ್ತದೆ. ಹೊಸದು ಇದ್ದರೆ ತರುತ್ತದೆ. ಅಷ್ಟೇ ಇದರ ಗುಟ್ಟು.

ಈ ಎನ್‌ಕ್ಲೋಷರನ್ನು ಆರ್‌ಎಸ್‌ಎಸ್‌ಗೆ ಸೇರಿಸಿದವರು ಡೇವ್ ವೈನರ್ ಅನ್ನುವ ಅಮೆರಿಕದ ಪ್ರೋಗ್ರಾಮರ್, 2000ದ ಕೊನೆಯಲ್ಲಿ. ಆಗ ಇದಕ್ಕೆ ಹೆಸರೇ ಇರಲಿಲ್ಲ. 2004ರ ಫೆಬ್ರುವರಿಯಲ್ಲಿ ಬೆನ್ ಹ್ಯಾಮರ್ಸ್‌ಲಿ ಅನ್ನುವ ಪತ್ರಕರ್ತ ಗಾರ್ಡಿಯನ್ ಪತ್ರಿಕೆಯಲ್ಲಿ ಬರೆಯುತ್ತಾ, ಇದನ್ನು ಏನಂತ ಕರೆಯೋಣ ಅಂತ ಎರಡು ಮೂರು ಹೆಸರು ತೇಲಿಬಿಟ್ಟರು. ಹಾಡು ಕೇಳಲು ಆ್ಯಪಲ್ ಮಾಡಿದ್ದ ಜೇಬಿನ ಯಂತ್ರ ಐಪಾಡ್‌ನ 'ಪಾಡ್', ಬ್ರಾಡ್‌ಕಾಸ್ಟ್‌ನ 'ಕಾಸ್ಟ್' ಸೇರಿಸಿದ ಹೆಸರು ನಿಂತಿತು. 2005ರ ಜೂನ್‌ನಲ್ಲಿ ಆ್ಯಪಲ್ ತನ್ನ ಐಟ್ಯೂನ್ಸ್ ಅನ್ನುವ ಹಾಡಿನ ತಂತ್ರಾಂಶಕ್ಕೆ ಪಾಡ್‌ಕಾಸ್ಟ್ ಸೇರಿಸಿಕೊಂಡಿತು. ಐಪಾಡ್ ಹೋಯಿತು, ಹೆಸರು ಉಳಿಯಿತು.

ಈ ಹಳೇ ಕಥೆ ಮಲೆನಾಡಿನವರಿಗೆ ಎರಡು ಕಾರಣಕ್ಕೆ ಮುಖ್ಯ. ಒಂದು, ಬೋರ್ಡ್ ಎಲ್ಲರಿಗೂ ತೆರೆದಿದೆ. ಯಾವ ಆ್ಯಪಿನಿಂದ ನೋಡಿದರೂ ಅದೇ ಪಟ್ಟಿ. 2024ರಲ್ಲಿ ಗೂಗಲ್ ತನ್ನ ಪಾಡ್‌ಕಾಸ್ಟ್ ಆ್ಯಪ್ ನಿಲ್ಲಿಸಿದಾಗ ಕಾರ್ಯಕ್ರಮಗಳೇನೂ ನಿಲ್ಲಲಿಲ್ಲ. ಒಪಿಎಂಎಲ್ ಅನ್ನುವ ಫೈಲಿನಲ್ಲಿ ತಮ್ಮ ಪಟ್ಟಿಯನ್ನು ಇಳಿಸಿಕೊಂಡು ಬೇರೆ ಆ್ಯಪಿಗೆ ಹೋಗಲು ದಾರಿ ಇತ್ತು. ಎರಡು, ಇದು ಇಳಿಸಿಟ್ಟುಕೊಳ್ಳಲಿಕ್ಕೆಂದೇ ಹುಟ್ಟಿದ ವ್ಯವಸ್ಥೆ. ನೆಟ್ ಇದ್ದಾಗ ತಂದಿಟ್ಟುಕೊಂಡು ನೆಟ್ ಇಲ್ಲದಾಗ ಕೇಳು ಅನ್ನುವುದೇ ಅದರ ಹುಟ್ಟುಗುಣ. ಕಾಡು, ಗುಡ್ಡ, ಮಳೆ, ಹೋದ ಕರೆಂಟು ಇದರ ನಡುವೆ ಬದುಕುವ ನಮಗೆ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ?

ಲೆಕ್ಕ ಹಾಕಿ ನೋಡಿ. ಬರೀ ಮಾತಿನ ಕಾರ್ಯಕ್ರಮಕ್ಕೆ ಸೆಕೆಂಡಿಗೆ 64 ಕಿಲೋಬಿಟ್ ಸಾಕು. ಅಂದರೆ 8 ಕಿಲೋಬೈಟ್. ಒಂದು ತಾಸಿಗೆ 3600 ಸೆಕೆಂಡ್. ಗುಣಿಸಿದರೆ ಸುಮಾರು 29 ಎಂಬಿ. 128 ಕಿಲೋಬಿಟ್ ಆದರೆ ಇದರ ದುಪ್ಪಟ್ಟು, 58 ಎಂಬಿ. ಇಷ್ಟರಲ್ಲಿ ಒಂದು ತಾಸಿನ ವಿಡಿಯೊ ನೋಡಲಿಕ್ಕೆ ಆಗುವುದಿಲ್ಲ. ನಾನು ರಾತ್ರಿ ಊಟ ಆದ ಮೇಲೆ ಮನೆಯ ವೈಫೈಯಲ್ಲಿ ಮೂರು ಸಂಚಿಕೆ ಇಳಿಸಿ ಮಲಗುತ್ತೇನೆ. ಸಕ್ಕರೆಬೈಲಿನಲ್ಲಿ ಸಿಗ್ನಲ್ ಹೋದರೆ ಈಗ ನನಗೆ ಗೊತ್ತೇ ಆಗುವುದಿಲ್ಲ.

ಆ್ಯಪ್ ಯಾವುದು ಅಂತ ಮೇಡಂ ಕೇಳಿಯೇ ಕೇಳುತ್ತಾರೆ. ಆಂಡ್ರಾಯ್ಡ್ ಫೋನಾದರೆ ಆಂಟೆನಾಪಾಡ್. ದುಡ್ಡಿಲ್ಲ, ಜಾಹೀರಾತಿಲ್ಲ, ಲಾಗಿನ್ ಕೂಡ ಕೇಳುವುದಿಲ್ಲ. ಸ್ವಯಂಸೇವಕರು ಸೇರಿ ಮಾಡಿದ ಮುಕ್ತ ತಂತ್ರಾಂಶ. ನೋಡಲು ಸ್ವಲ್ಪ ಸಪ್ಪೆ. ಸಪ್ಪೆಯಾಗಿರುವುದೇ ಒಳ್ಳೆಯದು, ಇಣುಕಿದಾಗಲೆಲ್ಲ ಇದು ಕೇಳಿ ಅದು ಕೇಳಿ ಅಂತ ಕೈ ಜಗ್ಗುವುದಿಲ್ಲ.

'ಎಜುಕೇಶನ್' ಅಂದರೆ ಬೆಳಿಗ್ಗೆ ನಾಲ್ಕು ಗಂಟೆ ಯಾಕೆ?

ಮೇಡಂಗೆ ಆದದ್ದು ಎಲ್ಲರಿಗೂ ಆಗುತ್ತದೆ. ಅದಕ್ಕೆ ಕಾರಣ ಅವರಲ್ಲ, ಕಪಾಟು. ಆ್ಯಪಲ್ ತನ್ನ ಪಾಡ್‌ಕಾಸ್ಟ್‌ಗಳನ್ನು ಜೋಡಿಸಿಟ್ಟಿರುವ 'ಶಿಕ್ಷಣ' ಅನ್ನುವ ಕಪಾಟಿನಲ್ಲಿ ನಾಲ್ಕು ಖಾನೆಗಳಿವೆ: ಕೋರ್ಸುಗಳು, ಹೇಗೆ ಮಾಡುವುದು, ಭಾಷೆ ಕಲಿಕೆ, ಆತ್ಮಸುಧಾರಣೆ. ಶಾಲೆ ಎಲ್ಲಿದೆ? ಮೇಷ್ಟ್ರು ಎಲ್ಲಿದ್ದಾರೆ? ಪಾಠ ಮಾಡುವುದು ಹೇಗೆ ಅನ್ನುವುದಕ್ಕೆ ಪ್ರತ್ಯೇಕ ಖಾನೆಯೇ ಇಲ್ಲ. ಆದರೆ ಆತ್ಮಸುಧಾರಣೆಗೆ ಇದೆ. ಕೇಳುಗರ ಸಂಖ್ಯೆಯಲ್ಲಿ ಭಿನ್ನರಾಶಿ ಕಲಿಸುವ ಮೇಷ್ಟ್ರು ಬೆಳಿಗ್ಗೆ ನಾಲ್ಕಕ್ಕೆ ಏಳಿಸುವವರ ಮುಂದೆ ಎಲ್ಲಿ ನಿಲ್ಲುತ್ತಾರೆ? ಹಾಗಾಗಿ 'ಟಾಪ್ 50 ಎಜುಕೇಶನ್' ಪಟ್ಟಿಯನ್ನು ನಾನು ತೆರೆದೇ ನೋಡುವುದಿಲ್ಲ. 'ಟೆಕ್ನಾಲಜಿ' ಕಪಾಟಿಗಂತೂ ಒಳಖಾನೆಗಳೇ ಇಲ್ಲ. ಹೊಸ ಫೋನಿನ ವಿಮರ್ಶೆ, ಷೇರಿನ ಮಾತು, ಕೃತಕ ಬುದ್ಧಿಮತ್ತೆ ಎಲ್ಲ ಒಂದೇ ರಾಶಿ.

ಅದಕ್ಕೇ ವಿಷಯ ಹುಡುಕಬೇಡಿ, ಪ್ರಶ್ನೆ ಹುಡುಕಿ. ನಿಮ್ಮ ಕ್ಲಾಸಿನಲ್ಲಿ ಈ ವಾರ ಎಲ್ಲಿ ಸಿಕ್ಕಿಹಾಕಿಕೊಂಡಿರಿ? ಒಂಬತ್ತನೇ ಕ್ಲಾಸಿನ ಹುಡುಗ ಮೈನಸ್ ಇಂಟು ಮೈನಸ್ ಪ್ಲಸ್ ಯಾಕೆ ಅಂತ ಕೇಳಿದನಾ? ಮಕ್ಕಳು ಚಾಟ್‌ಜಿಪಿಟಿಯಿಂದ ಪ್ರಬಂಧ ಬರೆಸಿಕೊಂಡು ಬಂದರಾ? ಅದನ್ನೇ ಇಂಗ್ಲಿಷಿನಲ್ಲಿ ನಾಲ್ಕು ಪದ ಮಾಡಿ ಹುಡುಕಿ. ಕಾರ್ಯಕ್ರಮಗಳ ಬದಲು ಸಂಚಿಕೆಗಳು ಸಿಗುತ್ತವೆ. ನಮಗೆ ಬೇಕಾದ್ದು ಸಂಚಿಕೆಯೇ. ಒಂದು ಕಾರ್ಯಕ್ರಮಕ್ಕೆ ಚಂದಾದಾರನಾಗಿ ಅದರ ಎಲ್ಲ ಸಂಚಿಕೆ ಕೇಳುವುದು ಒಬ್ಬ ಅಂಗಡಿಯವನ ಹತ್ತಿರ ಅವನಲ್ಲಿ ಇರುವುದೆಲ್ಲ ಕೊಂಡ ಹಾಗೆ.

ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ. ನನಗೆ ಸಿಕ್ಕ ಒಳ್ಳೆಯದರಲ್ಲಿ ಮುಕ್ಕಾಲು ಪಾಲು ಅದೇ ದಾರಿಯಲ್ಲಿ ಸಿಕ್ಕಿದ್ದು: ಮಾತಾಡಿದವರ ಬೆನ್ನು ಹತ್ತುವುದು.

2020ರಲ್ಲಿ ಅಮಿತ್ ವರ್ಮಾ ಅವರ 'ದಿ ಸೀನ್ ಆ್ಯಂಡ್ ದಿ ಅನ್‌ಸೀನ್' ಪಾಡ್‌ಕಾಸ್ಟ್‌ನಲ್ಲಿ ಕಾರ್ತಿಕ್ ಮುರಳೀಧರನ್ ಭಾರತದ ಶಾಲೆಗಳ ಬಗ್ಗೆ ಮಾತಾಡಿದ್ದರು. ಅವರು ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರು. ಸಂಚಿಕೆ ಉದ್ದ. ನನಗೆ ಹಲವು ದಿನದ ಬಸ್ಸು ಬೇಕಾಯಿತು. ಪುಸ್ತಕ ಒಂದು ಕಡೆ ಓಡುತ್ತಿರುತ್ತದೆ, ಮಗು ಎರಡು ಮೂರು ತರಗತಿ ಹಿಂದೆ ನಿಂತಿರುತ್ತದೆ, ಮೇಷ್ಟ್ರು ಪುಸ್ತಕದ ಜೊತೆ ಓಡುತ್ತಾರೆ ಅನ್ನುವುದು ಅವರ ವಾದದ ತಿರುಳು. ನಮ್ಮ ಸ್ಟಾಫ್ ರೂಮಿನಲ್ಲಿ ಯಾರಿಗೂ ಗೊತ್ತಿಲ್ಲದ ಮಾತೇನಲ್ಲ. ಆದರೆ ಅದನ್ನು ಅಳೆದು ತೋರಿಸಿದವರ ಬಾಯಲ್ಲಿ ಕೇಳಿದ್ದು ಬೇರೆ.

ಆಮೇಲೆ ನಾನು ಮಾಡಿದ್ದು ಇಷ್ಟೇ. ಲಿಸನ್ ನೋಟ್ಸ್ ಅಂತ ಪಾಡ್‌ಕಾಸ್ಟ್‌ಗಳಿಗೇ ಒಂದು ಹುಡುಕಾಟದ ಜಾಲತಾಣ ಇದೆ. ಅಲ್ಲಿ ಅವರ ಹೆಸರು ಹಾಕಿದೆ. ಅವರು ಬೇರೆ ಬೇರೆ ಕಡೆ ಮಾತಾಡಿದ ಸಂಚಿಕೆಗಳು ಸಾಲಾಗಿ ಬಂದವು. ಅವುಗಳಲ್ಲಿ ಎರಡು ಕಾರ್ಯಕ್ರಮಗಳ ಹೆಸರೇ ನಾನು ಕೇಳಿರಲಿಲ್ಲ. ಆ ಎರಡರಲ್ಲಿ ಬಂದ ಬೇರೆ ಅತಿಥಿಗಳು ಯಾರು ಅಂತ ನೋಡಿದೆ. ಮತ್ತೆ ನಾಲ್ಕು ಹೆಸರು. ಒಂದು ವಾರದಲ್ಲಿ ಮೂರು ತಿಂಗಳಿಗಾಗುವಷ್ಟು ಸಿಕ್ಕಿತು. ಮಲೆನಾಡಿನಲ್ಲಿ ಒಳ್ಳೇ ಕಸಿ ಗಿಡ ಬೇಕಾದರೆ ನರ್ಸರಿ ಬೋರ್ಡ್ ನೋಡಿ ಹೋಗುವುದಿಲ್ಲ, ಒಳ್ಳೇ ತೋಟ ಮಾಡಿದವರನ್ನು "ಎಲ್ಲಿಂದ ತಂದ್ರಿ?" ಅಂತ ಕೇಳುತ್ತೇವೆ. ಇದೂ ಹಾಗೇ.

ಚೀಲದ ನಡುವಿಗೆ ಕೈ ಹಾಕಿ

ಸಿಕ್ಕಿದ್ದೆಲ್ಲ ಕೇಳುವಂಥದ್ದಲ್ಲ. ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ಒಂದು ಪಾಡ್‌ಕಾಸ್ಟ್ ಕೇಳಿದೆ. ಹೆಸರು ಬೇಡ. ಒಳ್ಳೆಯ ದನಿ, ಹಿನ್ನೆಲೆಯಲ್ಲಿ ಪಿಯಾನೊ. ಮಕ್ಕಳಲ್ಲಿ ಮೂರು ಥರ, ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು, ಯಾರು ಯಾವ ಥರ ಅಂತ ಗುರುತಿಸಿ ಪಾಠ ಮಾಡಿದರೆ ಫಲಿತಾಂಶ ಹಾರುತ್ತದೆ ಅಂದರು. ನಾನು ನಂಬಿದೆ. ಎಂಟನೇ ಕ್ಲಾಸಿನ ಮಕ್ಕಳಿಗೆ ಒಂದು ಪ್ರಶ್ನಾವಳಿ ಕೊಟ್ಟು ಮೂರು ಗುಂಪು ಮಾಡಿದೆ. ಮೂರು ಬಣ್ಣದ ರಿಬ್ಬನ್ ಕೂಡ ತಂದಿದ್ದೆ! ಹಳದಿ ರಿಬ್ಬನ್ನಿನ ಒಬ್ಬ ಹುಡುಗಿ ಬಂದು, "ಸರ್, ನಾನು ಕೇಳಿ ಕಲಿಯೋಳಂತೆ, ಹಂಗಾರೆ ರೇಖಾಗಣಿತದ ಚಿತ್ರ ನಾನು ಬರೀಬೇಕಾ ಬ್ಯಾಡ್ವಾ?" ಅಂತ ಕೇಳಿದಳು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಆಮೇಲೆ ಗೊತ್ತಾಯಿತು. 2008ರಲ್ಲೇ ಹೆರಾಲ್ಡ್ ಪಾಷ್ಲರ್ ಮತ್ತು ಮೂವರು ಮನಶ್ಶಾಸ್ತ್ರಜ್ಞರು ಈ 'ಕಲಿಕಾ ಶೈಲಿ'ಯ ಸಂಶೋಧನೆಗಳನ್ನೆಲ್ಲ ಜಾಲಾಡಿದ್ದರು. ಶೈಲಿಗೆ ತಕ್ಕಂತೆ ಪಾಠ ಮಾಡಿದರೆ ಹೆಚ್ಚು ಕಲಿಯುತ್ತಾರೆ ಅನ್ನುವುದಕ್ಕೆ ಸಾಕಷ್ಟು ಆಧಾರ ಸಿಗಲಿಲ್ಲ ಅಂತ ಬರೆದಿದ್ದರು. ಮಕ್ಕಳಿಗೆ ಇಷ್ಟಾನಿಷ್ಟ ಇರುತ್ತದೆ, ಅದು ನಿಜ. ಆದರೆ ತ್ರಿಭುಜವನ್ನು ಎಲ್ಲರೂ ಚಿತ್ರ ಬರೆದೇ ಕಲಿಯಬೇಕು. ಈಗ ಯಾರಾದರೂ ಕಲಿಕಾ ಶೈಲಿಯನ್ನು ವೇದವಾಕ್ಯದ ಹಾಗೆ ಹೇಳಿದರೆ ನಾನು ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ. ಆ ರಿಬ್ಬನ್ನುಗಳು ಈಗಲೂ ನನ್ನ ಟೇಬಲ್ ಡ್ರಾಯರಿನಲ್ಲಿವೆ.

ಈಗಿನ ದಿನಗಳಲ್ಲಿ ಇನ್ನೊಂದು ಇಂಥದೇ ಮಾತು ಓಡಾಡುತ್ತಿದೆ. ಕೃತಕ ಬುದ್ಧಿಮತ್ತೆಯ ಟ್ಯೂಟರ್ ಬಗ್ಗೆ ಮಾತಾಡುವವರಲ್ಲಿ ಬಹಳ ಜನ 'ಟು ಸಿಗ್ಮಾ' ಅಂತ ಶುರು ಮಾಡುತ್ತಾರೆ. ಸಿಗ್ಮಾ ಅಂದರೆ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅಂತ ಅಳೆಯುವ ಮಾನಕ ವಿಚಲನೆ. ಎರಡು ಸಿಗ್ಮಾ ಏರಿಕೆ ಅಂದರೆ ಬಹಳ ದೊಡ್ಡದು. 1984ರಲ್ಲಿ ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಬರೆದ ಲೇಖನ ಅದರ ಮೂಲ. ಒಬ್ಬ ಮಗುವಿಗೆ ಒಬ್ಬರೇ ಕೂತು ಹೇಳಿಕೊಟ್ಟರೆ, ಸರಾಸರಿ ವಿದ್ಯಾರ್ಥಿಯು ಮಾಮೂಲಿ ಕ್ಲಾಸಿನ ನೂರಕ್ಕೆ 98 ಮಕ್ಕಳನ್ನು ಹಿಂದೆ ಹಾಕುತ್ತಾನೆ ಅಂತ ಅವರು ಹೇಳಿದ್ದರು. ಮೈ ಜುಂ ಅನ್ನುವ ಅಂಕಿ. ಮಾರುವವರಿಗೆ ಇದಕ್ಕಿಂತ ಬೇಕೇ? ಆದರೆ 2011ರಲ್ಲಿ ಕರ್ಟ್ ವ್ಯಾನ್‌ಲೆಹ್ನ್ ಅನೇಕ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಮನುಷ್ಯರು ಕೂತು ಹೇಳಿಕೊಟ್ಟದ್ದರ ಪರಿಣಾಮ 2 ಸಿಗ್ಮಾ ಅಲ್ಲ, ಸುಮಾರು 0.79 ಬಂತು. ಒಳ್ಳೇ ಕಂಪ್ಯೂಟರ್ ಟ್ಯೂಟರ್‌ದು 0.76. ಇದೂ ಸಣ್ಣದಲ್ಲ, ಒಳ್ಳೆಯದೇ. ಆದರೆ ಎರಡಕ್ಕೂ ಮುಕ್ಕಾಲಿಗೂ ವ್ಯತ್ಯಾಸ ಇದೆ ಅಂತ ಗಣಿತದ ಮೇಷ್ಟ್ರು ಹೇಳಬೇಕಾ?

ಹಾಗಾಗಿ ಇದು ನನ್ನ ಒರೆಗಲ್ಲು. 'ಟು ಸಿಗ್ಮಾ' ಅಂದವರು ಮುಂದಿನ ಹತ್ತು ನಿಮಿಷದಲ್ಲಿ "ಆದರೆ ಆಮೇಲಿನ ಅಧ್ಯಯನಗಳು..." ಅಂತ ಒಂದು ಮಾತು ಸೇರಿಸುತ್ತಾರಾ? ಸೇರಿಸಿದರೆ ಮುಂದೆ ಕೇಳುತ್ತೇನೆ. ಇಲ್ಲದಿದ್ದರೆ ಕಿಟಕಿಯಾಚೆ ಹೊಳೆ ಇದೆ, ನೋಡುತ್ತೇನೆ.

ಇನ್ನೊಂದು ಅಭ್ಯಾಸ ಇದೆ, ನಗಬೇಡಿ. ಹೊಸ ಪಾಡ್‌ಕಾಸ್ಟನ್ನು ನಾನು ಮೊದಲಿಂದ ಕೇಳುವುದಿಲ್ಲ. ನೇರ ಇಪ್ಪತ್ತನೇ ನಿಮಿಷಕ್ಕೆ ಹಾರುತ್ತೇನೆ. ಶುರುವಿನ ಮಾತನ್ನು ಎಲ್ಲರೂ ತಿದ್ದಿ ತೀಡಿ ಇಟ್ಟಿರುತ್ತಾರೆ. ಮಂಡಿಯಲ್ಲಿ ಅಡಿಕೆ ಕೊಳ್ಳುವವರು ಚೀಲದ ಬಾಯಲ್ಲಿ ಇರುವುದನ್ನು ನೋಡಿ ರೇಟು ಹೇಳುತ್ತಾರಾ? ನಡುವಿಗೆ ಕೈ ಹಾಕಿ ತೆಗೆದು ಕತ್ತರಿಸಿ ನೋಡುತ್ತಾರೆ. ಮೇಲೆ ಒಳ್ಳೇ 'ರಾಶಿ' ಅಡಿಕೆ, ಒಳಗೆ ಕಡಿಮೆ ದರ್ಜೆಯ 'ಗೊರಬಲು' ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಇಪ್ಪತ್ತನೇ ನಿಮಿಷದಲ್ಲಿ ಒಂದು ನಿಜವಾದ ಕ್ಲಾಸು, ಒಂದು ಮಗು, ಒಂದು ಲೆಕ್ಕ, ಒಂದು ಸೋತ ಪ್ರಯೋಗ ಇದರಲ್ಲಿ ಏನಾದರೂ ಕಿವಿಗೆ ಬಿದ್ದರೆ ಸರಿ. ಬರೀ 'ಕ್ರಾಂತಿ', 'ಭವಿಷ್ಯ', 'ಬದಲಾವಣೆ' ಅಂತ ತೇಲುತ್ತಿದ್ದರೆ ಗೊರಬಲು.

ದುಡ್ಡು ಎಲ್ಲಿಂದ ಬರುತ್ತದೆ ಅಂತಲೂ ನೋಡಬೇಕು. ಶಿಕ್ಷಣದ ಆ್ಯಪ್ ಮಾರುವ ಕಂಪನಿಯೇ ನಡೆಸುವ ಪಾಡ್‌ಕಾಸ್ಟ್‌ನಲ್ಲಿ ಅಂಥದೇ ಇನ್ನೊಂದು ಕಂಪನಿಯವರು ಬಂದು ಆ್ಯಪ್‌ನಿಂದ ಏನು ಲಾಭ ಅಂತ ಹೇಳಿದರೆ, ಹುಡುಗನ ಗುಣ ದಲ್ಲಾಳಿ ಹತ್ತಿರ ಕೇಳಿದ ಹಾಗೆ. ಸುಳ್ಳೇ ಹೇಳುತ್ತಾರೆ ಅಂತಲ್ಲ. ಹೇಳದೇ ಬಿಡುವುದು ಜಾಸ್ತಿ ಇರುತ್ತದೆ.

ಈಗ ಪೆರುವಿನ ಕಥೆ. ಮಗುವಿಗೊಂದು ಲ್ಯಾಪ್‌ಟಾಪ್ ಅನ್ನುವ ಯೋಜನೆಯನ್ನು ನಿಕೊಲಸ್ ನೆಗ್ರೊಪಾಂಟೆ 2005ರಲ್ಲಿ ಜಗತ್ತಿನ ಮುಂದಿಟ್ಟರು. ನೂರು ಡಾಲರಿಗೆ ಒಂದು ಲ್ಯಾಪ್‌ಟಾಪ್ ಅನ್ನುವುದು ಗುರಿ. ಪೆರು ಹಳ್ಳಿ ಶಾಲೆಗಳಿಗೆ ಲಕ್ಷಗಟ್ಟಲೆ ಹಂಚಿತು. 319 ಹಳ್ಳಿ ಶಾಲೆಗಳನ್ನು ಇಟ್ಟುಕೊಂಡು ಮಾಡಿದ ಅಧ್ಯಯನ 2012ರಲ್ಲಿ ಬಂತು. ಕಂಪ್ಯೂಟರ್ ಬಳಕೆ ಏರಿತ್ತು. ಗಣಿತ, ಭಾಷೆಯ ಅಂಕ ಏರಿರಲಿಲ್ಲ. ಸಕ್ಕರೆಬೈಲಿನಲ್ಲಿ ನನಗೆ ತಪ್ಪಿಹೋದ ಮಾತು ಅದು.

ಹಾಗಂತ ಯಂತ್ರದಿಂದ ಏನೂ ಆಗುವುದಿಲ್ಲ ಅಂತಲ್ಲ. ಇದೇ ಕಾರ್ತಿಕ್ ಮುರಳೀಧರನ್ ಮತ್ತು ಇಬ್ಬರು ಸಂಶೋಧಕರು ದೆಹಲಿಯಲ್ಲಿ ಶಾಲೆ ಬಿಟ್ಟ ಮೇಲಿನ ಕೇಂದ್ರಗಳಲ್ಲಿ ಮೈಂಡ್‌ಸ್ಪಾರ್ಕ್ ಅನ್ನುವ ತಂತ್ರಾಂಶವನ್ನು ಪರೀಕ್ಷಿಸಿದ್ದರು. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಮಕ್ಕಳು ಗಟ್ಟಿಯಾಗಿ ಮುಂದೆ ಬಂದಿದ್ದರು. 2019ರಲ್ಲಿ ಅದು ಪ್ರಕಟವಾಯಿತು. ಅಲ್ಲಿ ತಂತ್ರಾಂಶ ಮಗು ನಿಂತ ಜಾಗದಿಂದ ಕಲಿಸಲು ಶುರು ಮಾಡುತ್ತಿತ್ತು. ಪೆರುವಿನಲ್ಲಿ ಪೆಟ್ಟಿಗೆ ಕೊಟ್ಟರು, ದೆಹಲಿಯಲ್ಲಿ ಪಾಠ ಕೊಟ್ಟರು. ಒಳ್ಳೆಯ ಪಾಡ್‌ಕಾಸ್ಟ್ ನಿಮಗೆ ಈ ಎರಡೂ ಕಥೆ ಹೇಳುತ್ತದೆ. ಒಂದೇ ಹೇಳುವವರು ಯಾರ ಪರ ಅಂತ ನೋಡಿ.

ನನ್ನ ಫೋನಿನಲ್ಲಿ ಇರುವವು

ಪಟ್ಟಿ ಕೊಡಿ ಅಂದರೆ ನನಗೆ ಸಂಕೋಚ. ನನಗೆ ಬೇಕಾದ್ದು ನಿಮಗೆ ಬೇಡವಾಗಬಹುದು. ಆದರೂ ಕೆಲವು ಹೆಸರು.

ಒಂದೇ ಒಂದು ಕೇಳುತ್ತೇನೆ ಅನ್ನುವವರಿಗೆ 'ಸೋಲ್ಡ್ ಎ ಸ್ಟೋರಿ'. ಅಮೆರಿಕದ ಎಪಿಎಂ ರಿಪೋರ್ಟ್ಸ್ ಅನ್ನುವ ರೇಡಿಯೊ ಸುದ್ದಿ ಬಳಗದ ಪತ್ರಕರ್ತೆ ಎಮಿಲಿ ಹ್ಯಾನ್‌ಫರ್ಡ್ 2022ರಲ್ಲಿ ಮಾಡಿದ ಸರಣಿ. ಅಮೆರಿಕದ ಎಷ್ಟೋ ಶಾಲೆಗಳಲ್ಲಿ ಮಕ್ಕಳಿಗೆ ಅಕ್ಷರದ ದನಿ ಸರಿಯಾಗಿ ಹೇಳಿಕೊಡದೆ, ಚಿತ್ರ ನೋಡಿ ಪದ ಊಹಿಸು ಅಂತ ಕಲಿಸುತ್ತಿದ್ದರು. ಓದುವುದರ ಬಗ್ಗೆ ವಿಜ್ಞಾನ ಅದು ತಪ್ಪು ಅಂದ ಮೇಲೂ ಆ ಪಾಠಕ್ರಮ ಮಾರಾಟವಾಗುತ್ತಲೇ ಇತ್ತು. ಯಾರು ಮಾರಿದರು, ಶಾಲೆಗಳು ಯಾಕೆ ಕೊಂಡವು ಅನ್ನುವುದನ್ನು ಪತ್ತೇದಾರಿ ಕಥೆಯ ಹಾಗೆ ಬಿಚ್ಚುತ್ತಾರೆ. ಸರಣಿ ಬಂದ ಮೇಲೆ ಅಲ್ಲಿನ ಹಲವು ರಾಜ್ಯಗಳು ಓದು ಕಲಿಸುವ ಕ್ರಮದ ಬಗ್ಗೆ ಕಾನೂನು ಮಾಡಿದವು. ಆದರೆ ಕೇಳುವಾಗ ನಮ್ಮ ತಲೆಯಲ್ಲಿ ಒಂದು ಜರಡಿ ಇರಬೇಕು. ಇಂಗ್ಲಿಷಿನಲ್ಲಿ ಬರೆದದ್ದೊಂದು ಓದುವುದೊಂದು. ಕನ್ನಡದಲ್ಲಿ ಕಾಗುಣಿತ ಬಂತು ಅಂದರೆ ಓದು ಬಹಳಮಟ್ಟಿಗೆ ಬಂತು. ನಮ್ಮ ಮಕ್ಕಳ ಕಷ್ಟ ಒತ್ತಕ್ಷರದಲ್ಲಿ, ಆಮೇಲೆ ಓದಿದ್ದರ ಅರ್ಥದಲ್ಲಿ. ಅವರ ಔಷಧಿ ನಮ್ಮ ಕಾಯಿಲೆಗೆ ಹಾಗೇ ಹೊಂದುವುದಿಲ್ಲ.

ಗಣಿತದವರಿಗೆ 'ಮಿಸ್ಟರ್ ಬಾರ್ಟನ್ ಮ್ಯಾತ್ಸ್'. ಇಂಗ್ಲೆಂಡಿನ ಗಣಿತ ಮೇಷ್ಟ್ರು ಕ್ರೇಗ್ ಬಾರ್ಟನ್ ನಡೆಸುತ್ತಾರೆ. ತಾನು ವರ್ಷಗಟ್ಟಲೆ ಏನು ತಪ್ಪು ಮಾಡಿದೆ ಅಂತ ಮನಸ್ಸು ಬಿಚ್ಚಿ ಹೇಳಿಕೊಳ್ಳುವ ಮನುಷ್ಯ, ಅದಕ್ಕೇ ನನಗಿಷ್ಟ. ಕಾಲೇಜು ಮೇಷ್ಟ್ರಿಗೆ ಬಾನಿ ಸ್ಟಾಕೊವಿಯಾಕ್ ಅವರ 'ಟೀಚಿಂಗ್ ಇನ್ ಹೈಯರ್ ಎಡ್', 2014ರಿಂದ ನಡೆಯುತ್ತಿದೆ. ಕಂಪ್ಯೂಟರ್ ಕಳ್ಳತನದ ಕಥೆಗಳಿಗೆ ಜಾಕ್ ರಿಸೈಡರ್ ಅವರ 'ಡಾರ್ಕ್‌ನೆಟ್ ಡೈರೀಸ್'. ಒಟಿಪಿ ಹೇಳಬೇಡಿ ಅಂತ ನೂರು ಸಲ ಹೇಳಿದರೂ ಕೇಳದ ಹತ್ತನೇ ಕ್ಲಾಸಿನ ಹುಡುಗರು ಇದರ ಒಂದು ಕಥೆ ಹೇಳಿದರೆ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಬೆಂಗಳೂರಿನಿಂದ ಬರುವವುಗಳಲ್ಲಿ ತಕ್ಷಶಿಲಾ ಸಂಸ್ಥೆಯ 'ಆಲ್ ಥಿಂಗ್ಸ್ ಪಾಲಿಸಿ', ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ರೇಡಿಯೊ. ಇವುಗಳಲ್ಲಿ ಆರಿಸಿ ಕೇಳಬೇಕು.

ಇಂಗ್ಲಿಷ್ ಉಚ್ಚಾರ ತೊಡಕು ಅನ್ನುವವರಿಗೆ ಒಂದು ಮಾತು. ಒಳ್ಳೆಯ ಪಾಡ್‌ಕಾಸ್ಟ್‌ಗಳು ಎಷ್ಟೋ ತಮ್ಮ ಜಾಲತಾಣದಲ್ಲಿ ಪೂರ್ತಿ ಮಾತುಕತೆಯನ್ನು ಬರಹದಲ್ಲೂ ಹಾಕಿರುತ್ತವೆ. ಮೊದಲು ಎರಡು ಪುಟ ಓದಿ, ಆಮೇಲೆ ಕೇಳಿ. ಹೆಸರುಗಳು ಕಣ್ಣಿಗೆ ಬಿದ್ದಿದ್ದರೆ ಕಿವಿಗೆ ಸಲೀಸು. ವೇಗವನ್ನು 0.8ಕ್ಕೆ ಇಳಿಸಿಕೊಂಡರೂ ಯಾರೂ ನಗುವುದಿಲ್ಲ.

ಇತ್ತೀಚೆಗೆ ಹೊಸದೊಂದು ಸೇರಿಕೊಂಡಿದೆ. ಗೂಗಲ್‌ನ ನೋಟ್‌ಬುಕ್‌ಎಲ್‌ಎಂ 2024ರ ಸೆಪ್ಟೆಂಬರಿನಿಂದ, ನೀವು ಕೊಟ್ಟ ಯಾವುದೇ ಬರಹವನ್ನು ಇಬ್ಬರ ಹರಟೆಯ ಥರ ಆಡಿಯೊ ಮಾಡಿಕೊಡುತ್ತದೆ. ಸ್ವಂತ ಬಳಕೆಗೆ ಅಡ್ಡಿಯಿಲ್ಲ. ಆದರೆ ಇಂಥ ಯಂತ್ರದ ಹರಟೆಯನ್ನೇ ಪಾಡ್‌ಕಾಸ್ಟ್ ಅಂತ ಸಾಲುಸಾಲು ಬಿಡುವವರಿದ್ದಾರೆ. ಗುರುತಿಸುವುದು ಸುಲಭ. ಮಾತಾಡುವವರಿಗೆ ಹೆಸರಿಲ್ಲ, ಊರಿಲ್ಲ. ದಿನಕ್ಕೆ ಮೂರು ಸಂಚಿಕೆ ಬರುತ್ತದೆ. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು "ವಾವ್, ಹೌದು ಹೌದು" ಅನ್ನುತ್ತಾರೆಯೇ ಹೊರತು "ಅದು ಹಾಗಲ್ಲ ಮಾರಾಯ" ಅನ್ನುವುದಿಲ್ಲ.

ಕೇಳಿದ್ದು ತಲೆಯಲ್ಲಿ ಉಳಿಯಲು

ಎಷ್ಟು ಒಳ್ಳೆಯದನ್ನು ಕೇಳಿದರೂ ಬಸ್ ಇಳಿದ ಮೇಲೆ ಮರೆತುಹೋಗುತ್ತದೆ. ನನಗೆ ಹಾಗೇ ಆಗುತ್ತಿತ್ತು. ಇದಕ್ಕೂ ಮದ್ದು ಪಾಡ್‌ಕಾಸ್ಟ್‌ನಲ್ಲೇ ಸಿಕ್ಕಿತು. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ವಿದ್ಯಾರ್ಥಿಗಳಿಗೆ ಒಂದು ಬರಹ ಕೊಟ್ಟರು. ಒಂದು ಗುಂಪು ನಾಲ್ಕು ಸಲ ಓದಿತು. ಇನ್ನೊಂದು ಒಂದು ಸಲ ಓದಿ, ಮೂರು ಸಲ ನೋಡದೆ ನೆನಪಿಸಿಕೊಂಡು ಬರೆಯಿತು. ಐದು ನಿಮಿಷದ ಮೇಲೆ ಕೇಳಿದಾಗ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ಓದಿದವರಿಗೆ ಶೇ 40 ನೆನಪಿತ್ತು, ಬರೆದವರಿಗೆ ಶೇ 61.

ಇದನ್ನು ಕೇಳಿದ ಮೇಲೆ ಎರಡು ಕೆಲಸ ಶುರು ಮಾಡಿದೆ. ಕ್ಲಾಸಿಗೆ ಹೋದ ಕೂಡಲೇ ಬೋರ್ಡಿನ ಮೇಲೆ ನಾಲ್ಕು ಪ್ರಶ್ನೆ. ನಿನ್ನೆಯದು ಒಂದು, ಹೋದ ವಾರದ್ದು ಒಂದು, ಹೋದ ತಿಂಗಳದ್ದು ಒಂದು, ಹೋದ ವರ್ಷದ್ದು ಒಂದು. ಮಾರ್ಕ್ಸ್ ಇಲ್ಲ. ಮೊದಲ ವಾರ ಮಕ್ಕಳು ಗೊಣಗಿದರು, ಈಗ ನಾನು ಮರೆತರೆ ಅವರೇ ನೆನಪಿಸುತ್ತಾರೆ. ಎರಡನೆಯದು ನನಗೆ. ಬಸ್ ಇಳಿದು ಶಾಲೆಯವರೆಗೆ ನಡೆಯುವ ಹತ್ತು ನಿಮಿಷ ಇಯರ್‌ಫೋನ್ ಜೇಬಿಗೆ. ಈಗ ಏನು ಕೇಳಿದೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಸ್ಟಾಫ್ ರೂಮಿಗೆ ಬಂದು ಹಾಜರಿ ಹಾಕಿದ ಮೇಲೆ ಡೈರಿಯಲ್ಲಿ ಮೂರು ಸಾಲು. ಬರೆಯಲು ಮೂರು ಸಾಲೂ ಸಿಗದಿದ್ದರೆ ಆ ಪಾಡ್‌ಕಾಸ್ಟ್‌ಗೆ ಅವತ್ತೇ ವಿದಾಯ.

ಕನ್ನಡದಲ್ಲಿ?

ಇಲ್ಲಿ ನನಗೆ ಸ್ವಲ್ಪ ಬೇಜಾರಿದೆ. 'ತಲೆ-ಹರಟೆ ಕನ್ನಡ ಪಾಡ್‌ಕಾಸ್ಟ್'ನಲ್ಲಿ ವಿಜ್ಞಾನ, ತಂತ್ರಜ್ಞಾನ, ಸಮಾಜದ ಬಗ್ಗೆ ಒಳ್ಳೆಯ ಮಾತುಕತೆಗಳಿವೆ. ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ ಕನ್ನಡದಲ್ಲಿ ಕಷ್ಟದ ವಿಷಯವನ್ನು ಹರಟೆಯ ಧಾಟಿಯಲ್ಲೇ ಬಿಡಿಸುತ್ತಾರೆ. ಹಳೆಯ ಸಂಚಿಕೆಗಳನ್ನೂ ಕೆದಕಿ ನೋಡಿ. ಆದರೆ ಒಬ್ಬ ಮೇಷ್ಟ್ರು ಇನ್ನೊಬ್ಬ ಮೇಷ್ಟ್ರ ಹತ್ತಿರ ಕೂತು ಕನ್ನಡದಲ್ಲೇ, ಗುಣಾಕಾರ ಹೇಗೆ ಹೇಳಿಕೊಟ್ಟಿರಿ, ಎಲ್ಲಿ ಎಡವಿದಿರಿ ಅಂತ ಕೇಳುವಂಥದ್ದು ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ವಿಚಿತ್ರ ಅಂದರೆ, ಕೇಳಿ ಕಲಿಯುವುದು ನಮ್ಮ ಶಾಲೆಗಳಿಗೆ ಹೊಸದೇ ಅಲ್ಲ. ಆಕಾಶವಾಣಿಯಲ್ಲಿ 'ಕೇಳಿ ಕಲಿ', 'ಚುಕ್ಕಿ ಚಿನ್ನ' ಬರುತ್ತಿದ್ದ ಮಧ್ಯಾಹ್ನಗಳು ನೆನಪಿಲ್ವಾ? ರೇಡಿಯೊವನ್ನು ಕುರ್ಚಿ ಮೇಲೆ ಇಟ್ಟು, ನಲವತ್ತು ಮಕ್ಕಳು ಅದರ ಸುತ್ತ ಕೂತು, ಅದು ಹಾಡು ಅಂದಾಗ ಹಾಡಿ, ಚಪ್ಪಾಳೆ ಅಂದಾಗ ಚಪ್ಪಾಳೆ ತಟ್ಟುತ್ತಿದ್ದರು.

ಹೋದ ಡಿಸೆಂಬರಿನಲ್ಲಿ ರಿಪ್ಪನ್‌ಪೇಟೆ ಹತ್ತಿರದ ಅತ್ತೆ ಮನೆಗೆ ಅಡಿಕೆ ಸುಲಿತಕ್ಕೆ ಹೋಗಿದ್ದೆ. ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಎಂಟು ಜನ ಮೆಟ್ಟುಗತ್ತಿ ಮುಂದೆ ಕೂತಿದ್ದರು. ಕೈಗೆ ಬಿಡುವಿಲ್ಲ, ಕಿವಿ ಖಾಲಿ. ಪಾಡ್‌ಕಾಸ್ಟ್‌ಗೆ ಇದಕ್ಕಿಂತ ಒಳ್ಳೇ ಸಭೆ ಬೇಕಾ? ಇಳಿಸಿಟ್ಟುಕೊಂಡಿದ್ದ ಒಂದು ಕನ್ನಡದ ಸಂಚಿಕೆ ಸಣ್ಣ ಸ್ಪೀಕರಿನಲ್ಲಿ ಹಾಕಿದೆ. ಮೊದಲು ಯಾರೂ ಲಕ್ಷ್ಯ ಕೊಡಲಿಲ್ಲ. ಹತ್ತು ನಿಮಿಷದ ಮೇಲೆ ಮಾತು ನಿಂತು, ಸಿಪ್ಪೆ ಬೀಳುವ ಸದ್ದಷ್ಟೇ ಉಳಿಯಿತು.

ಮುಗಿದ ಮೇಲೆ ಅತ್ತೆ ಕೇಳಿದರು, "ಎಂಥದಾ ಇದು, ರೇಡಿಯೋನಾ?"

"ಅಲ್ಲ ಅತ್ತೆ, ಪಾಡ್‌ಕಾಸ್ಟ್ ಅಂತ. ನೆಟ್ಟಿಂದ ಇಳಿಸ್ಕೊಂಡು ಬರ್ಬೇಕು."

ಅತ್ತೆ ಕೈಯಲ್ಲಿದ್ದ ಅಡಿಕೆಯನ್ನು ಬುಟ್ಟಿಗೆ ಹಾಕಿ ಇನ್ನೊಂದು ತೆಗೆದುಕೊಂಡರು. "ಇಷ್ಟು ಚೆನ್ನಾಗಿದ್ರೆ ಭದ್ರಾವತಿ ಸ್ಟೇಷನ್ನಲ್ಲೇ ಹಾಕ್ಬಹುದಿತ್ತಲ್ಲಾ? ನಮಗೆ ನೀನು ಬರೋವರೆಗೂ ಕಾಯೋದು ಬೇಡ."

ಅವರಿಗೆ ಏನು ಹೇಳುವುದೋ ತಿಳಿಯಲಿಲ್ಲ. ಸ್ಪೀಕರಿನ ಚಾರ್ಜ್ ಇನ್ನೂ ಅರ್ಧ ಇತ್ತು. ಇನ್ನೊಂದು ಸಂಚಿಕೆ ಹಾಕಿ ನಾನೂ ಮೆಟ್ಟುಗತ್ತಿ ಎಳೆದುಕೊಂಡೆ.